ಪರದೆಯ ಮೇಲೆ ಕೆಂಪು ಕಲ್ಲು ಆರಿಸಿದವಳು

ಕಂಪ್ಯೂಟರಿನಲ್ಲಿ ಫೋಟೋ ನೋಡಿ ಹರಳು ಕೊಳ್ಳುವುದು ತಲೆ ಕೆಟ್ಟವರ ಕೆಲಸ ಎಂದು ಈಗಲೂ ಹೇಳುವವರಿದ್ದಾರೆ. ಹೇಳಿಕೊಳ್ಳಲಿ. ನಾನು ಕೊಂಡಿದ್ದೇನೆ, ಕೆಲಸ ಬಿಡುವ ತನಕ ಕೊಂಡಿದ್ದೇನೆ. ಚಿತ್ರದುರ್ಗದ ಲಕ್ಷ್ಮೀ ಬಜಾರಿನ ಒಂದು ಆಭರಣದ ಅಂಗಡಿಯಲ್ಲಿ ಕಲ್ಲಿನ ಮೇಜಿಗೆ ಕೂತು ಕೆಂಪು, ಪಚ್ಚೆ, ನೀಲ, ಪುಷ್ಯರಾಗ ಆರಿಸುವುದು ನನ್ನ ಕೆಲಸವಾಗಿತ್ತು. ಹೆಂಗಸಿನ ಕೈಗೆ ಕಲ್ಲಿನ ಪೊಟ್ಟಣ ಕೊಡಬಾರದು ಅಂದವರನ್ನೂ ಕಂಡೆ, ಪರದೆ ನೋಡಿ ಕಲ್ಲು ತರಿಸುವವಳನ್ನು ಅಂಗಡಿಯಿಂದ ಓಡಿಸಬೇಕು ಅಂದವರನ್ನೂ ಕಂಡೆ. ಈಗ ಬಜಾರಿಗೆ ಕೆಲಸಕ್ಕೆ ಬರುವ ಹುಡುಗಿಯರು ಮೊಬೈಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದು, "ಗಿರಿಜಕ್ಕ, ಇದರಾಗೆ ಕಾಣೋ ಬಣ್ಣ ನಿಜಾನೋ ಸುಳ್ಳೋ, ಹೆಂಗ್ ಗೊತ್ತಾಗ್ತೈತೆ?" ಎಂದು ಕೇಳುತ್ತಾರೆ. ಇದನ್ನು ಬರೆಯುತ್ತಿರುವುದು ಅವರಿಗೆ. ಸಂಬಳ ಯಾವಾಗ ಏರಿತು, ದೀಪಾವಳಿಗೆ ಏನು ಕೊಟ್ಟರು ಅನ್ನುವ ಕಥೆಗಳು ಇದರಲ್ಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಹಿರೇಗುಂಟನೂರಿನಿಂದ ಬಸ್ಸಿಗೆ ಬಂದು ಹೋಗುತ್ತಾ ನಾನು ಆ ಅಂಗಡಿ ಸೇರಿದ್ದು ಕರಿಮಣಿ ಪೋಣಿಸಲು. ಅಂಗಡಿಯ ಯಜಮಾನರನ್ನು ಊರೆಲ್ಲ ಶೆಟ್ರು ಅನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತೇನೆ. ಆಗ ಕಲ್ಲಿನ ಮೇಜಿನ ಮೇಲೆ ರಾಮಣ್ಣ ಅನ್ನುವ ಹಿರಿಯರಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಬಿಳಿ ಪುಷ್ಯರಾಗಗಳನ್ನು ಹಳದಿಯ ಪೊಟ್ಟಣಕ್ಕೆ ಸೇರಿಸಿಬಿಡುತ್ತಿದ್ದರು. ನಾನು ಮಣಿ ಪೋಣಿಸುತ್ತಾ ಪಕ್ಕದಲ್ಲೇ ಇದ್ದವಳು ಸುಮ್ಮನೆ ಅವನ್ನು ಬೇರೆ ಮಾಡಿ ಇಡುತ್ತಿದ್ದೆ. ರಾಮಣ್ಣ ಕಣ್ಣಿನ ಆಪರೇಷನ್ ಅಂತ ಮನೆಯಲ್ಲಿ ಉಳಿದಾಗ ಶೆಟ್ರು, "ಬ್ಯಾರೆ ಯಾರಾದ್ರೂ ಸಿಗೋಗಂಟ ಅಲ್ಲಿ ಕುಂತ್ಕ" ಎಂದರು. ಕುಂತೆ. ರಾಮಣ್ಣ ತಿರುಗಿ ಬರಲಿಲ್ಲ. ಬೇರೆಯವರನ್ನು ಶೆಟ್ರು ಹುಡುಕುತ್ತಲೇ ಇದ್ದರು, ವರ್ಷಗಟ್ಟಲೆ. ಬಂದವರಿಗೆಲ್ಲ ನನ್ನ ಮುಂದೆಯೇ ಕಲ್ಲು ಕೊಟ್ಟು ಪರೀಕ್ಷೆ ಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಎದ್ದು ಜಾಗ ಬಿಟ್ಟುಕೊಟ್ಟವಳಲ್ಲ.

ಕಲ್ಲು ನೋಡುವುದೆಂದರೆ ಮೂರನ್ನು ನೋಡಬೇಕು. ಬಣ್ಣ ಯಾವುದು, ಎಷ್ಟು ದಟ್ಟ, ನೀರು ಎಷ್ಟು. ಕಲ್ಲಿನ ಒಳಗಿಂದ ಎದ್ದು ಬರುವ ಹೊಳಪಿಗೆ ನಮ್ಮ ಅಂಗಡಿಯಲ್ಲಿ ನೀರು ಅನ್ನುತ್ತಿದ್ದೆವು. ಗಿರಾಕಿಗಳು ಬಣ್ಣವನ್ನಷ್ಟೇ ನೋಡುತ್ತಾರೆ. ಶೆಟ್ರು ದಟ್ಟವಾಗಿದೆಯೇ ಅಂತಷ್ಟೇ ನೋಡುತ್ತಿದ್ದರು, ದಟ್ಟವಾದಷ್ಟೂ ಒಳ್ಳೆಯ ಕಲ್ಲು ಅನ್ನುವುದು ಅವರ ನಂಬಿಕೆ. ನಾನು ನೀರಿನಿಂದ ಶುರು ಮಾಡುತ್ತಿದ್ದೆ. ಬಣ್ಣ ಎಷ್ಟು ಚೆನ್ನಾಗಿದ್ದರೂ ನೀರಿಲ್ಲದ ಕಲ್ಲು ಬೆರಳಿನ ಮೇಲೆ ಗುಂಡಿಯ ಹಾಗೆ ಕೂತಿರುತ್ತದೆ.

ಮಾಡದಕೆರೆಯ ಮೇಷ್ಟ್ರೊಬ್ಬರ ಪ್ರಸಂಗವನ್ನು ಹೇಳಲೇಬೇಕು. ಶನಿಕಾಟಕ್ಕೆ ನೀಲ ಹಾಕಿಕೊಳ್ಳಿ ಎಂದು ಯಾರೋ ಜೋಯಿಸರು ಹೇಳಿದ್ದರು. ನಾನು ಊರಿಗೆ ಹೋಗಿದ್ದ ದಿನ ಬಂದಿದ್ದರು, ಶೆಟ್ರೇ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಂದು ದಟ್ಟ ನೀಲವನ್ನು ತೋರಿಸಿ ಉಂಗುರಕ್ಕೆ ಹಾಕಿಸಿಕೊಟ್ಟರು. ಟ್ಯೂಬ್‌ಲೈಟಿಗೆ ನೀಲ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಮೇಷ್ಟ್ರು ಮನೆಗೆ ಹೋಗಿ ಗುಂಡು ಬಲ್ಬಿನ ಹಳದಿ ಬೆಳಕಿನಲ್ಲಿ ನೋಡಿದರೆ ಕಲ್ಲು ಇದ್ದಿಲಿನ ಚೂರು. ಹೊಸದುರ್ಗದ ಬಸ್ಸಿಳಿದು ನೇರ ಅಂಗಡಿಗೆ ಬಂದು ಉಂಗುರವನ್ನು ಗಾಜಿನ ಮೇಲೆ ಇಟ್ಟರು.

"ಶನಿ ಬಿಡಿಸ್ರಿ ಅಂದ್ರೆ ಶನೀನೇ ತೆಗೆದು ಬೆರಳಿಗೆ ಹಾಕಿದೀರಲ್ರಿ ಶೆಟ್ರೇ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಶೆಟ್ರು ಮಾತ್ರ ನಗಲಿಲ್ಲ. ಆವತ್ತಿನಿಂದ ನಾನು ಕಲ್ಲು ತೋರಿಸುವ ಮುಂಚೆ ಗಿರಾಕಿಯನ್ನು ಎಬ್ಬಿಸಿಕೊಂಡು ಹೊರಗೆ ಜಗಲಿಗೆ ಹೋಗುವುದನ್ನು ಶುರು ಮಾಡಿದೆ. ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಕಡೆ, ಎರಡು ಬೆರಳಿನ ನಡುವೆ ಕಲ್ಲು ಹಿಡಿದು ತೋರಿಸುತ್ತಿದ್ದೆ.

"ಲೇ ಗಿರಿಜಾ, ಕಡ್ಲೆಕಾಯಿ ಮಾರ್ತಿದೀಯೇನೇ ಬೀದ್ಯಾಗೆ? ಯಾರಾದ್ರೂ ಕಿತ್ಕಂಡು ಓಡಿದ್ರೆ ಏನ್ ಮಾಡ್ತೀಯ?" ಎಂದು ಶೆಟ್ರು ಒಳಗಿಂದ ಕೂಗಿದರು.

"ಓಡಿದ್ರೆ ಅಟ್ಟಿಸ್ಕಂಡು ಹೋಗ್ತೀನಿ ಬಿಡ್ರಿ. ಮೇಷ್ಟ್ರ ಕೈಲಿ ಇನ್ನೊಂದ್ಸಲ ಬೈಸ್ಕಳೋಕೆ ನನ್ ಕೈಲಾಗಲ್ಲ."

ಅವರು ಗೊಣಗುತ್ತಲೇ ಇದ್ದರು, ನಾನು ಹೊರಗೆ ಹೋಗುತ್ತಲೇ ಇದ್ದೆ.

ಎರಡು ಸಾವಿರದ ಇಸವಿಯ ನಂತರ ಜೈಪುರದಿಂದ ಬಟ್ಟೆಯ ಗಂಟಿನಲ್ಲಿ ಕಲ್ಲು ತರುತ್ತಿದ್ದ ವ್ಯಾಪಾರಿ ಬರುವುದು ನಿಂತಿತು. ವಯಸ್ಸಾಗಿತ್ತು. ಅವನ ಮಗ ಫೋನ್ ಮಾಡಿ, ಇನ್ನು ಮೇಲೆ ಎಲ್ಲ ಇಂಟರ್‌ನೆಟ್ಟಿನಲ್ಲಿ ನೋಡಿ ತರಿಸಿಕೊಳ್ಳಿ, ಇಷ್ಟವಾಗದಿದ್ದರೆ ವಾಪಸ್ ಕಳಿಸಿ ಎಂದ. ಪಕ್ಕದ ಬೀದಿಯಲ್ಲಿ ಇರ್ಫಾನ್ ಅನ್ನುವವನು ಸೈಬರ್ ಸೆಂಟರ್ ಇಟ್ಟಿದ್ದ. ಹೋಗಿ ನೋಡುತ್ತೇನೆ ಅಂದೆ.

"ಹೆಣ್ಣು ನೋಡಾಕೆ ಹೋಗ್ದೆ ಫೋಟೋದಾಗೆ ನೋಡಿ ತಾಳಿ ಕಟ್ಟಿದಂಗೆ ಆಗ್ತೈತೆ" ಎಂದರು ಶೆಟ್ರು.

"ನೀವು ಕಟ್ಟಿದ್ದೂ ಹಂಗೇ ಅಂತ ನಿಮ್ಮನೆ ಅಮ್ಮಾವ್ರು ಹೇಳ್ತಿದ್ರು."

ಅವರಿಗೆ ನಗು ಬಂತು, ಮುಖ ಆ ಕಡೆ ತಿರುಗಿಸಿಕೊಂಡರು. ಹೋಗಬೇಡ ಅಂತ ಹೇಳಲಿಲ್ಲ.

ಇರ್ಫಾನನ ಅಂಗಡಿಯಲ್ಲಿ ನಾನು ಮೊದಲು ಕಂಡುಕೊಂಡದ್ದು ಏನೆಂದರೆ, ಒಂದೇ ಕಲ್ಲು ಬಾಗಿಲ ಪಕ್ಕದ ಕಂಪ್ಯೂಟರಿನಲ್ಲಿ ದಾಳಿಂಬೆ ಕಾಳಿನ ಬಣ್ಣ, ಗೋಡೆ ಕಡೆಯದರಲ್ಲಿ ಇಟ್ಟಿಗೆಯ ಬಣ್ಣ. "ಇದೇನಪ್ಪ ಇರ್ಫಾನ್, ಒಂದೇ ಕಲ್ಲಿಗೆ ಎಷ್ಟು ಬಣ್ಣ?" ಅಂದೆ. "ಅಕ್ಕ, ಆ ಮಾನಿಟರ್ ಹಳೇದು. ಅದ್ರಾಗೆ ಎಲ್ರೂ ಕಾಮಾಲೆ ಬಂದೋರಂಗೇ ಕಾಣ್ತಾರೆ" ಅಂದ. ಆ ಮಾತಿನಿಂದಲೇ ನನಗೆ ದಾರಿ ಸಿಕ್ಕಿತು. ಕಲ್ಲಿನ ನಿಜವಾದ ಬಣ್ಣ ನನಗೆ ಗೊತ್ತಿಲ್ಲ, ಸರಿ. ಮನುಷ್ಯನ ಕೈಯ ಬಣ್ಣ ಗೊತ್ತಲ್ಲ? ಕಲ್ಲನ್ನು ಬೆರಳುಗಳ ನಡುವೆ ಹಿಡಿದು, ಹಗಲು ಬೆಳಕಿನಲ್ಲಿ, ಉಗುರು ಕಾಣುವ ಹಾಗೆ ಫೋಟೋ ತೆಗೆದು ಕಳಿಸಿ ಎಂದು ಇರ್ಫಾನನ ಕೈಲಿ ವ್ಯಾಪಾರಿಗಳಿಗೆ ಬರೆಸಿದೆ. ಉಗುರು ಉಗುರಿನ ಹಾಗೆ ಕಂಡರೆ ಕಲ್ಲಿನ ಬಣ್ಣವನ್ನೂ ನಂಬಬಹುದು. ಬೆರಳು ಹಸಿರಾಗಿಯೋ ಬೀಟ್‌ರೂಟ್ ಹಿಡಿದಂತೆಯೋ ಕಂಡರೆ ಆ ಫೋಟೋ ನೋಡಿ ಕೊಳ್ಳಬೇಡಿ. ಕಪ್ಪು ಬಟ್ಟೆಯ ಮೇಲಿಟ್ಟು ಮೇಲಿಂದ ದೀಪ ಬಿಟ್ಟ ಫೋಟೋವನ್ನಂತೂ ನಾನು ನೋಡುತ್ತಲೇ ಇರಲಿಲ್ಲ, ಅದರಲ್ಲಿ ಗಾಜಿನ ಚೂರೂ ಚೆನ್ನಾಗಿ ಕಾಣುತ್ತದೆ.

ಆದರೂ ಮೋಸ ಹೋದೆವು. ಹೊಳಲ್ಕೆರೆಯ ಗಿರಾಕಿಯೊಬ್ಬರಿಗೆ ಪಚ್ಚೆ ಬೇಕಿತ್ತು. ಬ್ಯಾಂಕಾಕಿನ ವ್ಯಾಪಾರಿಯೊಬ್ಬನ ಹತ್ತಿರ ಒಂದು ಚೆನ್ನಾಗಿ ಕಂಡಿತು. ಆವತ್ತು ಶೆಟ್ರೂ ಜೊತೆಗೆ ಬಂದಿದ್ದರು. "ನೀರು ಚೆನ್ನಾಗಿರ್ಬೇಕು, ನೀರಿಲ್ದಿದ್ರೆ ಬ್ಯಾಡ ಅಂತ ಬರಿಯಪ್ಪ" ಎಂದರು. ಇರ್ಫಾನ್ ಅವರು ಹೇಳಿದ್ದನ್ನು ಹೇಳಿದ ಹಾಗೇ ಇಂಗ್ಲಿಷಿನಲ್ಲಿ ಬರೆದ. ಮರುದಿನ ಬಂದ ಫೋಟೋ ನೋಡಿ ಮೂವರೂ ಬಾಯಿ ಬಿಟ್ಟೆವು. ಎಳೆ ಬಾಳೆ ಸುಳಿಯ ಹಸಿರು, ಒಳಗಿಂದ ಉಕ್ಕುವ ಹೊಳಪು. "ನೋಡು, ನೀರು ಅಂದ್ರೆ ಇದು!" ಎಂದು ಶೆಟ್ರು ನನ್ನ ಕಡೆ ತಿರುಗಿ ಹೇಳಿದರು. ತರಿಸಿದೆವು. ಪೊಟ್ಟಣ ಬಿಚ್ಚಿದರೆ ಪಾಚಿ ಹಿಡಿದ ಹಾಗೆ ಮಂಕಾದ ಕಲ್ಲು. ನಾನು ಆ ಫೋಟೋವನ್ನು ಮತ್ತೆ ತೆಗೆಸಿ ದೊಡ್ಡದು ಮಾಡಿಸಿ ನೋಡಿದೆ. ಕಲ್ಲಿನ ಕೆಳಗೆ ಬೆರಳ ಮೇಲೆ ಒಂದು ಹನಿ ನಿಂತಿತ್ತು.

"ಅಕ್ಕ, ನೀರು ಬೇಕು ಅಂದ್ರಿ, ಪಾಪ ಹಾಕಿ ಕಳ್ಸವ್ನೆ" ಅಂದ ಇರ್ಫಾನ್.

ಬೇರೆ ಊರಿನವನಿಗೆ ನಮ್ಮ ಅಂಗಡಿಯ ಮಾತು ಹೇಗೆ ಗೊತ್ತಾಗಬೇಕು? ಅವನು ಕಲ್ಲನ್ನು ಒಳ್ಳೆಯ ನೀರಿನಲ್ಲೇ ಅದ್ದಿ ಫೋಟೋ ತೆಗೆದಿದ್ದ. ಕಲ್ಲು ವಾಪಸ್ ಹೋಯಿತು. ಒದ್ದೆ ಕಲ್ಲು ಯಾವತ್ತೂ ಸುಂದರಿ, ಹುಡುಗಿಯರೇ. ಒರೆಸಿ ಒಣಗಿಸಿದ ಮೇಲೆ ತೆಗೆದ ಫೋಟೋವನ್ನೇ ಕೇಳಿ. ಕಲ್ಲನ್ನು ಸ್ವಲ್ಪ ಓರೆ ಮಾಡಿ ತೆಗೆದದ್ದೊಂದು ಕೇಳಿ, ನೇರ ನೋಡಿದಾಗ ಮಾತ್ರ ಹೊಳೆದು ಓರೆ ಮಾಡಿದಾಗ ಸಾಯುವ ಕಲ್ಲುಗಳು ಬಹಳ ಇವೆ. ಅಚ್ಚಾದ ಕಾಗದದ ಮೇಲೆ ಇಟ್ಟು ತೆಗೆದದ್ದನ್ನೂ ಕೇಳಿ. ಕಲ್ಲಿನ ನಡುವಿನಿಂದ ಅಕ್ಷರ ಓದಲು ಬಂದರೆ ಬೆಳಕು ತಿರುಗಿ ಮೇಲೆ ಬರದೆ ಕೆಳಗೆ ಸೋರಿಹೋಗುತ್ತಿದೆ ಅಂತ ತಿಳಿಯಿರಿ. ಕಳಿಸುವವರಿಗೆ ಕೋಪ ಬರುತ್ತದೆ, ಬರಲಿ. ನನ್ನ ಮೇಲೆ ಎಷ್ಟೋ ಜನಕ್ಕೆ ಕೋಪ ಬಂದಿದೆ, ನಾನೇನು ಸವೆದು ಹೋಗಿಲ್ಲ.

ಪಚ್ಚೆಯ ವಿಷಯ ಬಜಾರಿನಲ್ಲೆಲ್ಲ ಹಬ್ಬಿತು. ಪರದೆಯ ಕಲ್ಲು ಅಂತ ಆಡಿಕೊಂಡರು. ಶೆಟ್ರು ಇಂಗ್ಲಿಷ್ ಪತ್ರ ಹೇಳಿ ಬರೆಸಿದ್ದು ತಾವೇ ಅನ್ನುವುದನ್ನು ಮರೆತರು. ಅಷ್ಟರಲ್ಲೇ ಕರಿಯಮ್ಮ ಬಂದರು.

ಕರಿಯಮ್ಮನವರದು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಕಡೆಯ ಹಟ್ಟಿ, ಕುರಿ ಸಾಕುವ ಮನೆ. ನನಗಿಂತ ಬಹಳ ಹಿರಿಯರು. ಸೆರಗಿನ ಗಂಟು ಬಿಚ್ಚಿ ಒಂದು ಜೊತೆ ಕೆಂಪಿನ ಓಲೆಯನ್ನು ನನ್ನ ಮುಂದಿಟ್ಟರು. ಒಂದು ಓಲೆಯಲ್ಲಿ ಒಂದು ಕಲ್ಲಿರಲಿಲ್ಲ.

"ನಮ್ಮತ್ತೆ ಇಟ್ಕಂಡಿದ್ದ ಓಲೆ ಕಣವ್ವ. ಮರಿ ಎತ್ಕಂಡಿದ್ದೆ, ತಲೆ ಕೊಡವ್ತು, ಕಲ್ಲು ಎಗರೋಯ್ತು. ಕುರಿ ರೊಪ್ಪದ ಮಣ್ಣೆಲ್ಲಾ ಜರಡಿ ಹಿಡಿದ್ವಿ, ಸಿಗ್ಲಿಲ್ಲ. ಹಿರಿಯೂರಾಗೆ ತೋರ್ಸಿದ್ರೆ ಕರಗ್ಸಿ ಹೊಸಾದು ಮಾಡ್ಸ್ಕಳಮ್ಮ ಅಂತಾರೆ. ನಂಗೆ ಹೊಸಾದು ಬ್ಯಾಡ."

ಶೆಟ್ರು ಬಂದು ನೋಡಿ ಅವರೂ ಅದನ್ನೇ ಹೇಳಿದರು. "ಈ ಹಳೇ ಕೆಂಪಿಗೆ ಜೋಡಿ ಎಲ್ಲೂ ಸಿಗಲ್ಲಮ್ಮ. ಕರಗ್ಸಾಣ." ಕರಿಯಮ್ಮ ಓಲೆಯನ್ನು ಸೆರಗಿಗೆ ಹಾಕಿಕೊಳ್ಳತೊಡಗಿದರು. ಅವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ಜೋಡಿ ನಾನು ತರಿಸ್ತೀನಿ, ಇಟ್ಟು ಹೋಗ್ರಿ ಅಮ್ಮ" ಅಂದೆ.

ಅವರು ಹೋದ ಮೇಲೆ ಶೆಟ್ರು ಎಲ್ಲರ ಮುಂದೆ ನನ್ನನ್ನು ಕೇಳಿದರು. "ಎಲ್ಲಿಂದ ತರ್ತೀಯ? ಆ ಡಬ್ಬದಾಗಿಂದನಾ? ಇದು ಜೋಡಿ ಆಗ್ಲಿಲ್ಲ ಅಂದ್ರೆ ಕಲ್ಲಿನ ಮೇಜು ಬಿಟ್ಟು ಬೆಳ್ಳಿ ಕಡೆ ಹೋಗ್ಬೇಕು ನೋಡು. ಕಾಲುಂಗ್ರ ತೂಕ ಹಾಕ್ಕಂಡಿರು."

"ಹೋಗ್ತೀನಿ. ಜೋಡಿ ಆದ್ರೆ?"

ಶೆಟ್ರು ಗಲ್ಲಾಪೆಟ್ಟಿಗೆಯ ಕಡೆ ತಿರುಗಿ ನೋಟು ಎಣಿಸತೊಡಗಿದರು.

ಅಂಗಡಿಯ ಹಿಂದುಗಡೆ ಮೌನೇಶಾಚಾರ್ರು ಕೂರುತ್ತಿದ್ದರು, ಕಲ್ಲು ಕೂರಿಸುವವರು. ಅವರು ಓಲೆಯ ಖಾಲಿ ಗುಳಿಯನ್ನು ಸೂಜಿಯಿಂದ ಕೆದಕಿದಾಗ ಅಂಚು ಕಪ್ಪಿಟ್ಟಿದ್ದರೂ ಕೆಂಪಗೆ ಮಿನುಗುವ ತಗಡಿನ ಸಣ್ಣ ಚೂರೊಂದು ಎದ್ದು ಬಂತು.

"ಬೇಗಡೆ ಕಣಮ್ಮ" ಎಂದರು ಆಚಾರ್ರು. "ಹಿಂದಿನೋರು ಕಲ್ಲಿನ ಕೆಳಗೆ ಇಡ್ತಿದ್ರು. ಈಗ ಯಾರು ಇಡ್ತಾರೆ?"

ನಾನು ಓಲೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿದೆ. ಮೇಲಿಂದ ಕಡುಗೆಂಪಾಗಿ ಕಾಣುವ ಕಲ್ಲುಗಳು ಅಂಚಿನಲ್ಲಿ ತೆಳುವಾಗಿದ್ದವು, ಹೆಚ್ಚೆಂದರೆ ಗುಲಾಬಿ. ಅಂದರೆ ನಾವೆಲ್ಲ ನೋಡುತ್ತಿದ್ದ ಕೆಂಪಿನಲ್ಲಿ ಅರ್ಧ ಬೇಗಡೆಯದು. ಹಿಂಬದಿ ಮುಚ್ಚಿದ ಓಲೆಗೆ ಬೆಳಕು ಮೇಲಿನಿಂದ ಮಾತ್ರ ಹೋಗಬೇಕು, ತಗಡಿಗೆ ತಾಗಿ ತಿರುಗಿ ಬರಬೇಕು. ಕಲ್ಲು ದಟ್ಟವಾಗಿದ್ದರೆ ಹೋದ ಬೆಳಕು ಬರುವುದೇ ಇಲ್ಲ. ನನಗೆ ಬೇಕಾದದ್ದು ಬಿಡಿಯಾಗಿ ನೋಡಿದರೆ ಯಾರೂ ಇಷ್ಟಪಡದ ತೆಳು ಕಲ್ಲು, ಆದರೆ ತುಂಬಾ ನೀರಿರುವುದು.

ಜೈಪುರದ ಹುಡುಗನ ಪಟ್ಟಿಯಲ್ಲಿ ಅಂಥದ್ದೊಂದು ಕೊನೆಯ ಕಡೆ ಸಿಕ್ಕಿತು. ಕೈಯಲ್ಲಿ ಹಿಡಿದ ಫೋಟೋ ಬಂತು, ಉಗುರಿನ ಬಣ್ಣ ಸರಿಯಾಗಿತ್ತು, ಕಲ್ಲು ಒಣಗಿತ್ತು. ಆದರೂ ಬೇಗಡೆಯ ಮೇಲೆ ಹೇಗೆ ಕಾಣುತ್ತದೆ ಅಂತ ಪರದೆಯಲ್ಲಿ ತಿಳಿಯುವುದು ಹೇಗೆ? ಇರ್ಫಾನನ ಮೇಜಿನ ಮೇಲೆ ಯಾರೋ ತಿಂದು ಬಿಸಾಡಿದ್ದ ಚಾಕಲೇಟಿನ ಕೆಂಪು ಕಾಗದ ಬಿದ್ದಿತ್ತು, ಮಿರಿಮಿರಿ ಮಿಂಚುವಂಥದ್ದು.

"ಇರ್ಫಾನ್, ಇಂಥಾ ಕಾಗದದ ಮೇಲೆ ಕಲ್ಲು ಇಟ್ಟು ಫೋಟೋ ತೆಗೆದು ಕಳ್ಸು ಅಂತ ಬರಿಯಪ್ಪ."

"ಅಕ್ಕ, ಅವ್ನು ನಮ್ಮನ್ನ ಹುಚ್ರು ಅಂತಾನೆ."

"ಅನ್ಲಿ ಬಿಡು. ಅವ್ನೇನು ನಮ್ಮ ಬೀಗನಾ?"

ಫೋಟೋ ಬಂತು. ಚಾಕಲೇಟ್ ಕಾಗದದ ಮೇಲೆ ಆ ತೆಳು ಕಲ್ಲು ಕೆಂಡದ ಹಾಗೆ ಎದ್ದು ಕೂತಿತ್ತು. ನಾನು ಕುರ್ಚಿಯಿಂದ ಎದ್ದು, "ಇದೇ!" ಅಂತ ಕಿರುಚಿದ್ದಕ್ಕೆ ಸೈಬರಿನಲ್ಲಿ ಪರೀಕ್ಷೆಯ ಫಲಿತಾಂಶ ನೋಡಲು ಬಂದವರೆಲ್ಲ ತಿರುಗಿ ನೋಡಿದರು.

ಕೊರಿಯರಿನಲ್ಲಿ ಕಲ್ಲು ಬಂದಾಗ ಶೆಟ್ರು ಪೊಟ್ಟಣ ಬಿಚ್ಚಿ ನೋಡಿ ತಲೆ ಚಚ್ಚಿಕೊಂಡರು. "ಕಣ್ಣು ಹೋಯ್ತೇನೇ ನಿಂಗೆ? ಓಲೆಯಾಗಿರೋದು ಕಡುಗೆಂಪು, ನೀನು ತರ್ಸಿರೋದು ಪನ್ನೀರು!" ನಾನು ಹೀಗೇ ಏನೋ ಮಾಡುತ್ತೇನೆ ಅಂದುಕೊಂಡು ಅವರು ಬೆಂಗಳೂರಿನಿಂದ ಕಡುಗೆಂಪಿನದೊಂದನ್ನು ಮೊದಲೇ ತರಿಸಿ ಇಟ್ಟಿದ್ದರು. ಅಂಗೈ ಮೇಲೆ ನೋಡಿದರೆ ಬಹಳ ಚೆನ್ನಾದ ಕಲ್ಲು, ಓಲೆಯ ಪಕ್ಕ ಹಿಡಿದರೆ ಅದೇ ಬಣ್ಣ. ಮೊದಲು ಅದನ್ನೇ ಕೂರಿಸಿ ಎಂದು ಆಚಾರ್ರಿಗೆ ಹೇಳಿದರು. ಆಚಾರ್ರು ಬೇಗಡೆ ಇಟ್ಟೇ ಕೂರಿಸಿದರು. ಗುಳಿಯೊಳಗೆ ಇಳಿದ ತಕ್ಷಣ ಕಲ್ಲು ಕಪ್ಪಾಯಿತು. ಓಲೆ ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು.

"ಬೆಳಕು ಸಾಲ್ದು" ಎಂದರು ಶೆಟ್ರು. ಲೈಟು ಹಾಕಿಸಿದರು, ಜಗಲಿಗೂ ಬಂದು ನೋಡಿದರು. ಕಪ್ಪು ಕಪ್ಪೇ.

ನಂತರ ನನ್ನ ಕಲ್ಲು. ಆಚಾರ್ರು ಅವರ ಅಪ್ಪನ ಡಬ್ಬಿಯಲ್ಲಿ ಉಳಿದಿದ್ದ ಹಳೆಯ ಬೇಗಡೆಯನ್ನೇ ಕತ್ತರಿಸಿ ಹಾಕಿದ್ದರು. ಕಲ್ಲು ಕೂತಿತು, ಬೆಳಗಿತು. ನನಗೆ ಕುಣಿಯಬೇಕು ಅನಿಸಿತು. ಆದರೆ ಶೆಟ್ರು ಭೂತಕನ್ನಡಿ ಹಿಡಿದು ಬಹಳ ಹೊತ್ತು ನೋಡಿ ತಲೆ ಎತ್ತಿದರು.

"ಬೇರೆ ಕಲ್ಲಿಗಿಂತ ಇದು ಜಾಸ್ತಿ ಹೊಳೀತೈತೆ. ಜೋಡಿ ಆಗ್ಲಿಲ್ಲ. ಏನು ಮಾತಾಗಿತ್ತು?"

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಉಳಿದ ಕಲ್ಲುಗಳಿಗಿಂತ ಅದು ಎದ್ದು ಕಾಣುತ್ತಿತ್ತು. ನನಗೆ ಸಿಟ್ಟು ಬಂತು.

"ಓಲೆ ನಿಮ್ದೂ ಅಲ್ಲ, ನಂದೂ ಅಲ್ಲ ಶೆಟ್ರೇ. ಓಲೆಯೋರು ಬಂದು ಹೇಳ್ಲಿ. ಅವ್ರು ಆಗ್ಲಿಲ್ಲ ಅಂದ್ರೆ ನಾನೇ ಎದ್ದು ಹೋಗ್ತೀನಿ."

ಕರಿಯಮ್ಮ ಬಂದದ್ದು ಸಂತೆಯ ದಿನ ಬೆಳಿಗ್ಗೆ. ನಾನು ಅವರನ್ನು ಜಗಲಿಗೆ ಕರೆದುಕೊಂಡು ಹೋದೆ. ಶೆಟ್ರೂ ಹಿಂದೆಯೇ ಬಂದರು, ಪಕ್ಕದ ಅಂಗಡಿಯವರೂ ಇಣುಕಿದರು. ಯಾವುದು ಹೊಸ ಕಲ್ಲು ಅಂತ ನಾನು ಹೇಳಲಿಲ್ಲ. ಕರಿಯಮ್ಮ ಓಲೆಯನ್ನು ಅಂಗೈಯಲ್ಲಿ ಹಿಡಿದು ಒಂದು ಗಳಿಗೆ ನೋಡಿದರು, ನೇರವಾಗಿ ಆ ಕಲ್ಲಿನ ಮೇಲೆಯೇ ಬೆರಳಿಟ್ಟರು.

"ಇದೇ ಅಲ್ವೇನವ್ವ ಹೊಸಾದು?"

ಶೆಟ್ರು ನನ್ನ ಕಡೆ ನೋಡಿದರು. ಹೌದು ಅಂದೆ.

ಕರಿಯಮ್ಮ ಓಲೆಯನ್ನು ಬೆಳಕಿಗೆ ಆ ಕಡೆ ಈ ಕಡೆ ತಿರುಗಿಸಿದರು. ಅವರ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಅಯ್ಯೋ ಶಿವನೇ. ನಾನು ಸೊಸೆಯಾಗಿ ಆ ಹಟ್ಟಿಗೆ ಬಂದಾಗ ನಮ್ಮತ್ತೆ ಕಿವಿಯಾಗೆ ಎಲ್ಲಾ ಕಲ್ಲೂ ಹಿಂಗೇ ಇದ್ವು ಕಣವ್ವ. ಬಾಗ್ಲಾಗೆ ನಿಂತ್ಕಂಡ್ರೆ ದೂರಕ್ಕೆ ಕಾಣಾವು. ನನ್ ಕಿವಿಗೆ ಬರೋ ಹೊತ್ಗೆ ಮಂಕಾಗಿದ್ವು. ನಾನು ನನ್ ಕಣ್ಣೇ ಹೋಯ್ತು ಅನ್ಕಂಡಿದ್ದೆ."

ಹಳೆಯ ಕಲ್ಲುಗಳ ಕೆಳಗಿನ ಬೇಗಡೆ ಕಪ್ಪಿಟ್ಟಿತ್ತು, ಅಷ್ಟೇ. ಕಲ್ಲುಗಳಿಗೆ ಏನೂ ಆಗಿರಲಿಲ್ಲ. ಆಚಾರ್ರು ಅದನ್ನು ಹೇಳಿದಾಗ ಕರಿಯಮ್ಮ ಶೆಟ್ರ ಕಡೆ ತಿರುಗಿದರು.

"ಹಂಗಾರೆ ಉಳಿದವನ್ನೂ ಹಿಂಗೇ ಮಾಡ್ಕೊಡ್ರಿ. ಈ ಕಲ್ಲು ಎಲ್ಲಿ ಸಿಕ್ತು?"

"ಕಂಪ್ಯೂಟರಿನಾಗೆ ತರ್ಸಿದ್ದಮ್ಮ" ಎಂದರು ಶೆಟ್ರು.

ಬಜಾರಿನವರೆಲ್ಲ ನೋಡುತ್ತಿದ್ದರು. ಸುಮ್ಮನಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

"ಕಂಪ್ಯೂಟರ್ ತರ್ಲಿಲ್ಲ ಶೆಟ್ರೇ. ನಾನು ಆರ್ಸಿದ್ದು. ನೀವು ಬ್ಯಾಡ ಅಂದ್ರಿ, ನಾನು ಇದೇ ಬೇಕು ಅಂದೆ."

ಶೆಟ್ರ ಮುಖ ಕೆಂಪಾಯಿತು. ಕರಿಯಮ್ಮ ಓಲೆಗಳನ್ನು ಶೆಟ್ರು ಚಾಚಿದ್ದ ಕೈಗೆ ಕೊಡದೆ ನನ್ನ ಅಂಗೈಗೆ ಹಾಕಿ, ನನ್ನ ಬೆರಳುಗಳನ್ನು ತಾವೇ ಮಡಚಿದರು.

"ನೀನೇ ನೋಡ್ಕಂಡು ಮಾಡ್ಸವ್ವ. ಬ್ಯಾರೆಯೋರು ಮುಟ್ಟಾದು ಬ್ಯಾಡ."

ಶೆಟ್ರು ಒಂದು ಸಲ ಓಲೆಯನ್ನು ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಬೈಯುವ ದನಿಯಲ್ಲೇ ಹೇಳಿದರು.

"ಏನೇ ಹಂಗೇ ನಿಂತ್ಕಂಡೆ? ತಗಂಡು ಹೋಗಿ ನಿನ್ನ ಮೇಜಿನ ಮೇಲೆ ಇಡು."

ನಿನ್ನ ಮೇಜು ಎಂದರು. ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಸರಿಯಾಗಿ ಕೇಳಿಸಿತ್ತು, ಆದರೂ ಬಜಾರಿನವರಿಗೆಲ್ಲ ಇನ್ನೊಮ್ಮೆ ಕೇಳಿಸಲಿ ಅಂತ ನಾನು ಜೋರಾಗಿ ಕೇಳಿದೆ.

"ಯಾರ ಮೇಜಿನ ಮೇಲೆ ಶೆಟ್ರೇ?"